ಎರಡೂ ಐ3, ಎರಡರಲ್ಲೂ ಎಂಟು ಚೌಕ: ಅಗ್ಗದ ಲ್ಯಾಪ್‌ಟಾಪಿನ ಎರಡು ಪ್ರೊಸೆಸರ್‌ಗಳ ಲೆಕ್ಕಾಚಾರ

ಅಕ್ಕನ ಮಗ ಬಿ.ಕಾಂ. ಸೇರಿದಾಗ ಅವನಿಗೊಂದು ಲ್ಯಾಪ್‌ಟಾಪ್ ಕೊಡಿಸಲೆಂದು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದಕ್ಕೆ ಹೋಗಿದ್ದೆವು. ಮೇಜಿನ ಮೇಲೆ ಅಕ್ಕಪಕ್ಕದಲ್ಲಿ ಎರಡು ಯಂತ್ರಗಳಿದ್ದವು. ಎರಡರಲ್ಲೂ ಅಂಗೈ ಊರುವ ಜಾಗದಲ್ಲಿ ಇಂಟೆಲ್ ಕೋರ್ ಐ3 ಎಂಬ ಸ್ಟಿಕ್ಕರ್, ಎರಡರಲ್ಲೂ 8 ಜಿಬಿ ರ್‍ಯಾಮ್, 512 ಜಿಬಿ ಎಸ್‌ಎಸ್‌ಡಿ. “ಸರ್, ಇದೂ ಐ3, ಅದೂ ಐ3. ಆದ್ರೆ ಇದ್ರಲ್ಲಿ ಎಂಟು ಕೋರ್ ಇದೆ, ಅದ್ರಲ್ಲಿ ಆರೇ. ರೇಟೂ ಕಮ್ಮಿ,” ಎಂದು ಅಂಗಡಿಯ ಹುಡುಗ ಕಡಿಮೆ ಬೆಲೆಯದನ್ನು ನಮ್ಮ ಕಡೆಗೆ ಸರಿಸಿದ. “ಮಾಮ, ಎಂಟು ಕೋರಿಂದೇ ತಗೊಳ್ಳೋಣ ಅಲ್ವಾ?” ಎಂದು ಹುಡುಗ ನನ್ನ ಮುಖ ನೋಡಿದ. ಕೋರ್ ಎಂದರೆ ಪ್ರೊಸೆಸರ್ ಒಳಗೆ ತನ್ನಷ್ಟಕ್ಕೆ ದುಡಿಯಬಲ್ಲ ಒಂದು ಘಟಕ. ಎರಡರಲ್ಲೂ ಟಾಸ್ಕ್ ಮ್ಯಾನೇಜರ್ ತೆರೆದು, ಗ್ರಾಫಿನ ಮೇಲೆ ರೈಟ್ ಕ್ಲಿಕ್ ಮಾಡಿ, ಲಾಜಿಕಲ್ ಪ್ರೊಸೆಸರ್‌ಗಳನ್ನು ಬಿಡಿಬಿಡಿಯಾಗಿ ತೋರಿಸುವಂತೆ ಮಾಡಿದೆ. ಎರಡೂ ಪರದೆಗಳಲ್ಲಿ ಎಂಟೆಂಟು ಚೌಕಗಳು ಮೂಡಿದವು. ಹೆಸರು ಒಂದೇ, ಚೌಕಗಳ ಲೆಕ್ಕವೂ ಒಂದೇ. ಹಾಗಿದ್ದರೂ ಇವೆರಡು ಒಂದೇ ದರ್ಜೆಯ ಪ್ರೊಸೆಸರ್‌ಗಳಲ್ಲ, ಮತ್ತು ಎಂಟು ಕೋರಿನದ್ದೇ ಹೆಚ್ಚು ವೇಗದ್ದು ಎಂಬ ಮಾತು ಬಹುಪಾಲು ದಿನಬಳಕೆಯ ಕೆಲಸಗಳಲ್ಲಿ ತಲೆಕೆಳಗಾಗುತ್ತದೆ.

ಆ ಎರಡು ಪ್ರೊಸೆಸರ್‌ಗಳೆಂದರೆ ಆರು ಕೋರಿನ ಕೋರ್ ಐ3-1215ಯು ಮತ್ತು ಎಂಟು ಕೋರಿನ ಕೋರ್ ಐ3-ಎನ್305. ಮೊದಲನೆಯದು 2022ರ ಆರಂಭದಲ್ಲೂ ಎರಡನೆಯದು 2023ರ ಆರಂಭದಲ್ಲೂ ಬಂದವು. ಎರಡೂ ಇಂಟೆಲ್‌ನ ಆಲ್ಡರ್ ಲೇಕ್ ಪೀಳಿಗೆಗೆ ಸೇರಿದವು, ‘ಇಂಟೆಲ್ 7’ ಎಂಬ ಒಂದೇ ತಯಾರಿಕಾ ವಿಧಾನದಲ್ಲಿ ರೂಪುಗೊಂಡವು, ಮತ್ತು ಎರಡರ ಮೂಲ ವಿದ್ಯುತ್ ಮಿತಿಯೂ ಕಾಗದದ ಮೇಲೆ 15 ವಾಟ್. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದು, ವಿಂಡೋಸ್ 11ನ್ನು ಒಪ್ಪದ ಹಳೆಯ ಯಂತ್ರಗಳನ್ನು ಬದಲಿಸಲು ಹೊರಟ ಮನೆಗಳು, ಟ್ಯೂಷನ್ ಕೇಂದ್ರಗಳು, ಸಣ್ಣ ಕಚೇರಿಗಳು ಹೆಚ್ಚಾಗಿ ಕೈಹಾಕುವುದು ಇಂಥ ಅಗ್ಗದ ಶ್ರೇಣಿಯ ಲ್ಯಾಪ್‌ಟಾಪುಗಳಿಗೇ. ಹಾಗಾಗಿ ಈ ಹೋಲಿಕೆಯ ಹಿಂದೆ ಅನೇಕರ ಕಷ್ಟದ ದುಡ್ಡಿದೆ.

ಹೆಸರಿನ ಗೊಂದಲ ಎಲ್ಲಿಂದ ಬಂತೆಂದು ಮೊದಲು ನೋಡಬೇಕು. 1993ರಿಂದ ಇದ್ದ ಪೆಂಟಿಯಂ ಮತ್ತು 1998ರಿಂದ ಇದ್ದ ಸೆಲೆರಾನ್ ಎಂಬ ಹೆಸರುಗಳನ್ನು 2023ರಿಂದ ಲ್ಯಾಪ್‌ಟಾಪುಗಳಲ್ಲಿ ಕೈಬಿಡುವುದಾಗಿ ಇಂಟೆಲ್ 2022ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿತು. ಅದುವರೆಗೆ ಕೊಳ್ಳುವವನಿಗೆ ಒಂದು ಒರಟು ಗುರುತಾದರೂ ಇತ್ತು: ಸೆಲೆರಾನ್ ಎಂದರೆ ನಿಧಾನದ್ದು, ಐ3 ಎಂದರೆ ಪರವಾಗಿಲ್ಲ. ಹೊಸ ಏರ್ಪಾಟಿನಲ್ಲಿ ಎನ್100, ಎನ್200 ಮುಂತಾದವು ಬರಿಯ ‘ಇಂಟೆಲ್ ಪ್ರೊಸೆಸರ್’ಗಳಾದವು, ಅದೇ ಕುಟುಂಬದ ತುದಿಯಲ್ಲಿದ್ದ ಎನ್300 ಮತ್ತು ಎನ್305ಕ್ಕೆ ಮಾತ್ರ ಕೋರ್ ಐ3 ಎಂಬ ಬಡ್ತಿ ಸಿಕ್ಕಿತು. ಬಡ್ತಿ ಸಿಕ್ಕಿದ್ದು ಹೆಸರಿಗೆ. ಒಳಗಿರುವ ಕೋರ್‌ಗಳು ಎನ್100ರಲ್ಲಿ ಇರುವಂಥವೇ, ಅಲ್ಲಿ ನಾಲ್ಕು, ಇಲ್ಲಿ ಎಂಟು. ಈ ಕೋರಿನ ವಂಶಾವಳಿ 2008ರ ಆಟಂ ಪ್ರೊಸೆಸರ್‌ವರೆಗೆ, ಅಂದರೆ ಅಂದಿನ ಪುಟ್ಟ ನೆಟ್‌ಬುಕ್‌ಗಳವರೆಗೆ ಹೋಗುತ್ತದೆ. ನೆಟ್‌ಬುಕ್ ಬಳಸಿ ಕೈಸುಟ್ಟುಕೊಂಡವರು ಇದನ್ನು ಓದಿ ಬೆಚ್ಚಬೇಕಾಗಿಲ್ಲ. ವಂಶ ಅದೇ ಆದರೂ ಮೊಮ್ಮಗ ಬಹಳ ಚುರುಕಾಗಿದ್ದಾನೆ.

ಆಲ್ಡರ್ ಲೇಕ್‌ನಲ್ಲಿ ಎರಡು ಬಗೆಯ ಕೋರ್‌ಗಳಿವೆ. ಗೋಲ್ಡನ್ ಕೋವ್ ಎಂಬುದು ದೊಡ್ಡ ಕೋರ್. ಗ್ರೇಸ್‌ಮಾಂಟ್ ಎಂಬುದು ಸಣ್ಣ ಕೋರ್. ಐ3-1215ಯುದಲ್ಲಿ ಎರಡು ದೊಡ್ಡವು, ನಾಲ್ಕು ಸಣ್ಣವು ಇವೆ. ದೊಡ್ಡ ಕೋರ್ ಒಂದೊಂದೂ ಏಕಕಾಲಕ್ಕೆ ಎರಡು ಥ್ರೆಡ್‌ಗಳನ್ನು, ಅಂದರೆ ಕೆಲಸದ ಎಳೆಗಳನ್ನು, ನಡೆಸುವುದರಿಂದ ನಾಲ್ಕು ಮತ್ತು ನಾಲ್ಕು ಸೇರಿ ಎಂಟು ಚೌಕಗಳಾಗುತ್ತವೆ. ಎನ್305ರಲ್ಲಿ ಇರುವುದು ಎಂಟೂ ಸಣ್ಣ ಕೋರ್‌ಗಳೇ, ಕೋರಿಗೆ ಒಂದೇ ಥ್ರೆಡ್. ಹಾಗಾಗಿ ಅಲ್ಲಿಯೂ ಎಂಟು ಚೌಕ. ಒಂದು ಆದೇಶಕ್ಕೆ ಬೇಕಾದ ದತ್ತಾಂಶ ಮೆಮೊರಿಯಿಂದ ಬರುವುದು ತಡವಾದಾಗ ದೊಡ್ಡ ಕೋರ್ ಸುಮ್ಮನೆ ಕೂರದೆ 512 ಆದೇಶಗಳ ಸಾಲನ್ನು ಮುಂದಿಟ್ಟುಕೊಂಡು, ಅವುಗಳಲ್ಲಿ ಯಾವುದನ್ನು ಈಗಲೇ ಮುಗಿಸಬಹುದೆಂದು ಹುಡುಕುತ್ತದೆ. ಸಣ್ಣ ಕೋರಿನ ಸಾಲು 256ಕ್ಕೆ ನಿಲ್ಲುತ್ತದೆ. ಗಡಿಯಾರದ ವೇಗದಲ್ಲಿಯೂ ದೊಡ್ಡ ಕೋರ್ 4.4 ಗಿಗಾಹರ್ಟ್ಸ್‌ವರೆಗೆ ಏರಬಲ್ಲದು, ಎನ್305 ಏರುವುದು 3.8ರವರೆಗೆ. ಕೋರ್‌ಗಳು ಹಂಚಿಕೊಂಡು ಬಳಸುವ ಕ್ಯಾಶ್, ಅಂದರೆ ಪ್ರೊಸೆಸರ್ ಒಳಗಿನ ಚುರುಕಾದ ಪುಟ್ಟ ಮೆಮೊರಿ, 1215ಯುದಲ್ಲಿ 10 ಎಂಬಿ, ಎನ್305ರಲ್ಲಿ 6 ಎಂಬಿ. ಒಟ್ಟಿನಲ್ಲಿ ಸಣ್ಣ ಕೋರಿನ ಪ್ರತಿ ಬಡಿತದ ಕೆಲಸ 2015ರ ಸ್ಕೈಲೇಕ್ ಕೋರಿಗೆ ಹೆಚ್ಚುಕಡಿಮೆ ಸಮ ಎನ್ನಬಹುದು. ಹತ್ತು ವರ್ಷದ ಹಿಂದಿನ ಒಳ್ಳೆಯ ಡೆಸ್ಕ್‌ಟಾಪಿನ ಕೋರ್, ಅದೂ ಬಹಳ ಕಡಿಮೆ ವಿದ್ಯುತ್ತಿನಲ್ಲಿ. ಇದನ್ನು ಹೀಗಳೆಯುವಂತಿಲ್ಲ, ಆದರೆ ಇಂದಿನ ದೊಡ್ಡ ಕೋರಿನ ಪಕ್ಕ ನಿಲ್ಲಿಸಿದರೆ ಅಂತರ ಎದ್ದು ಕಾಣುತ್ತದೆ.

ಎಷ್ಟು ಅಂತರ? ಒಂದೇ ಥ್ರೆಡ್ಡನ್ನು ಅಳೆಯುವ ಸಿನೆಬೆಂಚ್ ಆರ್23 ಪರೀಕ್ಷೆಯಲ್ಲಿ ಎನ್305ರ ಅಂಕ ಸಾವಿರದ ಆಸುಪಾಸಿನಲ್ಲಿ ಇರುತ್ತದೆ, 1215ಯು ಒಂದೂವರೆ ಸಾವಿರವನ್ನು ದಾಟುತ್ತದೆ. ಲ್ಯಾಪ್‌ಟಾಪಿನಿಂದ ಲ್ಯಾಪ್‌ಟಾಪಿಗೆ ಅಂಕಗಳು ಅಷ್ಟಿಷ್ಟು ಏರಿಳಿದರೂ ಈ ಅನುಪಾತ ಬದಲಾಗುವುದು ಅಪರೂಪ. ಸರಳವಾಗಿ ಹೇಳುವುದಾದರೆ, ಒಂದೇ ಕೋರ್ ಮಾಡಬೇಕಾದ ಕೆಲಸವನ್ನು ಎನ್305 ಮೂರು ಸೆಕೆಂಡಿನಲ್ಲಿ ಮುಗಿಸಿದರೆ 1215ಯು ಎರಡು ಸೆಕೆಂಡಿನಲ್ಲಿ ಮುಗಿಸುತ್ತದೆ.

ಆ ಒಂದು ಸೆಕೆಂಡ್ ಎಲ್ಲಿ ಎದುರಾಗುತ್ತದೆ ಎಂಬುದೇ ಇಲ್ಲಿ ಮುಖ್ಯ. ಕಂಪ್ಯೂಟರಿನ ಮುಂದೆ ಕೂತವನು ನಿಜವಾಗಿ ಕಾಯುವ ಗಳಿಗೆಗಳು ಬಹುಮಟ್ಟಿಗೆ ಒಂದೇ ಥ್ರೆಡ್ಡಿನ ಹೆಗಲಿಗೆ ಬೀಳುವಂಥವು. ಬ್ರೌಸರಿನಲ್ಲಿ ಒಂದು ಸುದ್ದಿಪುಟ ತೆರೆದರೆ ಅದರ ಜಾವಾಸ್ಕ್ರಿಪ್ಟಿನ ಬಹುಪಾಲು ಮತ್ತು ಅಕ್ಷರ, ಚಿತ್ರಗಳನ್ನು ಪುಟದಲ್ಲಿ ಎಲ್ಲೆಲ್ಲಿ ಕೂರಿಸಬೇಕೆಂಬ ಲೆಕ್ಕಾಚಾರ ಆ ಪುಟದ ಒಂದೇ ಮುಖ್ಯ ಥ್ರೆಡ್ಡಿನಲ್ಲಿ ನಡೆಯುತ್ತವೆ. ನಮ್ಮ ಲಿಪಿಯಲ್ಲಂತೂ ಇದಕ್ಕೊಂದು ಹೆಚ್ಚಿನ ಮೆಟ್ಟಿಲಿದೆ. ‘ರಾಷ್ಟ್ರ’ ಎಂಬ ಪದ ಯೂನಿಕೋಡ್‌ನಲ್ಲಿ ಏಳು ಸಂಕೇತಗಳಾಗಿ ಕೂತಿರುತ್ತದೆ. ಷಕಾರದ ಕೆಳಗೆ ಟಕಾರದ ಒತ್ತು, ಅದರ ಜೊತೆಗೆ ರಕಾರದ ಒತ್ತು ಎಲ್ಲಿ ಬರಬೇಕೆಂದು ಫಾಂಟಿನ ನಿಯಮಗಳನ್ನು ಓದಿ ನಿರ್ಧರಿಸಿದ ಮೇಲಷ್ಟೇ ಅದು ಪರದೆಯಲ್ಲಿ ಎರಡು ಅಕ್ಷರಗಳಾಗಿ ಕಾಣುತ್ತದೆ. ಒಂದು ಪದಕ್ಕೆ ಇದು ಲೆಕ್ಕಕ್ಕೇ ಬಾರದ ಕೆಲಸ, ಎನ್305 ಕೂಡ ಸಲೀಸಾಗಿ ಮಾಡುತ್ತದೆ. ಮುನ್ನೂರು ಪುಟದ ಕನ್ನಡ ಕಡತದ ಆರಂಭದಲ್ಲಿ ಒಂದು ಸಾಲು ಸೇರಿಸಿದಾಗ ಅಥವಾ ಸಾವಿರಾರು ಸಾಲುಗಳ ಲೆಕ್ಕದ ಹಾಳೆಯೊಂದು ತೆರೆದುಕೊಳ್ಳುವಾಗ ಮಾತ್ರ ಕರ್ಸರ್ ತುಸು ಹೊತ್ತು ನಿಂತುಬಿಡುತ್ತದೆ. ಆಗ ಟಾಸ್ಕ್ ಮ್ಯಾನೇಜರ್ ನೋಡಿದರೆ ಎಂಟು ಚೌಕಗಳಲ್ಲಿ ಒಂದೋ ಎರಡೋ ಮೇಲಕ್ಕೆದ್ದಿರುತ್ತವೆ, ಉಳಿದವು ಮಲಗಿರುತ್ತವೆ. ಕೆಲಸವಿಲ್ಲದ ಆ ಕೋರ್‌ಗಳು ನಾಲ್ಕಿದ್ದರೇನು, ಆರಿದ್ದರೇನು?

ಎಂಟೂ ಚೌಕಗಳು ಎದ್ದು ನಿಲ್ಲುವ ಕೆಲಸಗಳೂ ಇವೆ, ಅಲ್ಲಿ ಕಥೆ ಬೇರೆ. ಹಳೆಯ ಕನ್ನಡ ಪುಸ್ತಕವೊಂದನ್ನು ಸ್ಕ್ಯಾನ್ ಮಾಡಿ ಟೆಸೆರಾಕ್ಟ್ ತಂತ್ರಾಂಶದಿಂದ ಅಕ್ಷರಗಳನ್ನು ಗುರುತಿಸುವ ಕೆಲಸವನ್ನು ತೆಗೆದುಕೊಳ್ಳಿ. ಒಂದು ಪುಟಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲವಾದ್ದರಿಂದ ಎಂಟು ಪುಟಗಳನ್ನು ಒಟ್ಟಿಗೆ ಎಂಟು ಥ್ರೆಡ್‌ಗಳಿಗೆ ಹಂಚಬಹುದು. ಎನ್305ರ ಒಂದು ಕೋರಿನ ದುಡಿಮೆಯನ್ನು ಒಂದು ಆಳಿನ ಕೂಲಿ ಎಂದು ಹಿಡಿಯೋಣ. ಅಲ್ಲಿಗೆ ಎನ್305ರಲ್ಲಿ ಎಂಟು ಆಳು. 1215ಯುದ ದೊಡ್ಡ ಕೋರ್ ಮೇಲಿನ ಲೆಕ್ಕದಂತೆ ಒಂದೂವರೆ ಆಳಿಗಿಂತ ತುಸು ಹೆಚ್ಚು. ಎರಡನೆಯ ಥ್ರೆಡ್ಡಿನಿಂದ ಕಾಲು ಭಾಗದಷ್ಟು ಹೆಚ್ಚುವರಿ ದುಡಿಮೆ ಬರುತ್ತದೆಂದು ಇಟ್ಟುಕೊಂಡರೆ ಹತ್ತಿರ ಹತ್ತಿರ ಎರಡು ಆಳು. ಅಂಥವು ಎರಡು ಇರುವುದರಿಂದ ನಾಲ್ಕು. ಅದರ ಸಣ್ಣ ಕೋರ್‌ಗಳು ಏರುವುದು 3.3 ಗಿಗಾಹರ್ಟ್ಸ್‌ವರೆಗೆ ಮಾತ್ರವಾದ್ದರಿಂದ ನಾಲ್ಕು ಸೇರಿ ಮೂರೂವರೆ ಆಳು. ಒಟ್ಟು ಏಳೂವರೆ. ಎಂಟಕ್ಕೂ ಏಳೂವರೆಗೂ ಇರುವ ಅಂತರವನ್ನು ಯಾವ ಬಳಕೆದಾರನೂ ಕಣ್ಣಿನಿಂದ ಕಾಣಲಾರ. ಇದು ಬೆರಳೆಣಿಕೆಯ ಲೆಕ್ಕವಷ್ಟೇ, ಆದರೆ ಅಂಗಡಿಯ ಹುಡುಗನ “ಎಂಟು, ಆರು” ಎಂಬ ಹೋಲಿಕೆಗಿಂತ ಸತ್ಯಕ್ಕೆ ಹತ್ತಿರ. ಎಂಟು ಕೋರಿನದು ತನಗೆ ಅತ್ಯಂತ ಅನುಕೂಲವಾದ ಅಂಗಳದಲ್ಲಿ ಸಮಸಮಕ್ಕೆ ಬರುತ್ತದೆ, ಉಳಿದೆಡೆ ಹಿಂದೆ ಬೀಳುತ್ತದೆ.

ಈ ಸಮಬಲವನ್ನು ಕೊನೆಗೆ ಯಾವ ಕಡೆಗೆ ವಾಲಿಸಬೇಕೆಂದು ತೀರ್ಮಾನಿಸುವುದು ವಿದ್ಯುತ್ತು. 15 ವಾಟ್ ಎಂಬುದು ಎರಡಕ್ಕೂ ಮೂಲ ಮಿತಿಯಾದರೂ 1215ಯು ಸ್ವಲ್ಪ ಹೊತ್ತಿನ ಮಟ್ಟಿಗೆ 55 ವಾಟ್‌ವರೆಗೆ ಹೀರಬಹುದೆಂದು ಇಂಟೆಲ್ ಅವಕಾಶ ಕೊಟ್ಟಿದೆ. ಲ್ಯಾಪ್‌ಟಾಪ್ ತಯಾರಕರು ತಮ್ಮ ಫ್ಯಾನು, ತಾಮ್ರದ ಕೊಳವೆ, ಬ್ಯಾಟರಿಗಳ ಯೋಗ್ಯತೆ ನೋಡಿ ಅದನ್ನು ಇಳಿಸಿ ಇಡುತ್ತಾರೆ. ಆದ್ದರಿಂದ ಒಂದೇ ಪ್ರೊಸೆಸರ್ ಇರುವ ಎರಡು ಲ್ಯಾಪ್‌ಟಾಪುಗಳ ಅಂಕಗಳು ಬೇರೆಬೇರೆಯಾಗಿ ಬರುತ್ತವೆ. ಸಿನೆಬೆಂಚ್ ಆರ್23 ತನ್ನ ಪರೀಕ್ಷೆಯನ್ನು ರೂಢಿಯಂತೆ ಕನಿಷ್ಠ ಹತ್ತು ನಿಮಿಷ ನಡೆಸುವುದು ಇದೇ ಕಾರಣಕ್ಕೆ: ಮೊದಲ ಅರ್ಧ ನಿಮಿಷದಲ್ಲಿ ಓಡುವುದು ಒಂದು, ಬಿಸಿಯೇರಿದ ಮೇಲೆ ಉಸಿರು ಹಿಡಿದು ಓಡುವುದು ಇನ್ನೊಂದು. ಸಣ್ಣ ಕೋರ್‌ಗಳು ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ದುಡಿಯುವಂತೆ ರೂಪಿಸಲಾದವು. ಹೀಗಾಗಿ ಎರಡನ್ನೂ 15 ವಾಟ್‌ಗೆ ಕಟ್ಟಿಹಾಕಿ ಗಂಟೆಗಟ್ಟಲೆ ದುಡಿಸಿದರೆ ಎನ್305 ಗೌರವಯುತವಾಗಿ ನಿಲ್ಲುತ್ತದೆ. ವಿಮರ್ಶೆಗಳಲ್ಲಿ ಒಂದೇ ಒಂದು ಅಂಕ ಕೊಟ್ಟು, ಎಷ್ಟು ವಾಟ್‌ನಲ್ಲಿ, ಎಷ್ಟು ಹೊತ್ತು ನಡೆಸಿದ್ದೆಂದು ಹೇಳದೆ ತೀರ್ಪು ಕೊಡುವವರನ್ನು ನಾನು ನಂಬುವುದನ್ನು ಬಿಟ್ಟು ಬಹಳ ಕಾಲವಾಯಿತು.

ಪ್ರೊಸೆಸರ್ ಹೋಲಿಕೆಗಳಲ್ಲಿ ಸಾಮಾನ್ಯವಾಗಿ ಮೂಲೆಗೆ ಸರಿಯುವ, ನನ್ನ ದೃಷ್ಟಿಯಲ್ಲಿ ಕೋರ್‌ಗಳಷ್ಟೇ ತೂಕದ ಸಂಗತಿ ಮೆಮೊರಿ. ಎನ್305ಕ್ಕೆ ರ್‍ಯಾಮ್ ಕಡೆಗೆ ಇರುವುದು ಒಂದೇ ಚಾನೆಲ್, 1215ಯುಗೆ ಎರಡು. ರಸ್ತೆಯ ಹೋಲಿಕೆ ಇಲ್ಲಿ ಹೊಂದುತ್ತದೆ: ಒಂದು ಏಕಪಥ, ಇನ್ನೊಂದು ದ್ವಿಪಥ. ಡಿಡಿಆರ್4-3200 ರ್‍ಯಾಮ್ ಆದರೆ ಎನ್305ರ ಏಕಪಥದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಸಾಗಬಹುದು, 1215ಯುದ ದ್ವಿಪಥದಲ್ಲಿ 51.2 ಜಿಬಿ. ಡಿಡಿಆರ್5-4800 ಆದರೆ ಈ ಅಂಕಿಗಳು ಕ್ರಮವಾಗಿ 38.4 ಮತ್ತು 76.8. ಎಂಟು ಕೋರ್‌ಗಳು ಮತ್ತು ಗ್ರಾಫಿಕ್ಸ್ ಭಾಗ ಎಲ್ಲವೂ ಅದೇ ಏಕಪಥದಲ್ಲಿ ಸರತಿ ನಿಲ್ಲಬೇಕಾಗುವುದು ಎನ್305ರ ದೊಡ್ಡ ಇಕ್ಕಟ್ಟು. ಗರಿಷ್ಠ ಪ್ರಮಾಣದಲ್ಲಿಯೂ ಅದೇ ಕಥೆ: 1215ಯು 64 ಜಿಬಿವರೆಗೆ ಒಪ್ಪುತ್ತದೆ, ಎನ್305ಕ್ಕೆ ಇಂಟೆಲ್ ಹೇಳಿರುವ ಮಿತಿ 16 ಜಿಬಿ. ಎನ್ ಸರಣಿಯ ಮಿನಿ ಪಿಸಿಗಳಿಗೆ 32 ಜಿಬಿ ಸಿಕ್ಕಿಸಿ ಓಡಿಸುತ್ತಿರುವವರಿದ್ದಾರೆ, ಆದರೆ ಕಂಪನಿಯ ಹೊಣೆ 16ಕ್ಕೇ ನಿಲ್ಲುತ್ತದೆ.

ಇದರಲ್ಲೊಂದು ಸೂಕ್ಷ್ಮವಿದೆ. ದ್ವಿಪಥದ ಲಾಭ ಸಿಗಬೇಕಾದರೆ ಎರಡೂ ಪಥಗಳಲ್ಲಿ ರ್‍ಯಾಮ್ ಇರಬೇಕು. ಬೆಲೆ ಇಳಿಸಲು ತಯಾರಕರು 1215ಯು ಲ್ಯಾಪ್‌ಟಾಪಿನಲ್ಲಿ 8 ಜಿಬಿಯ ಒಂದೇ ಸ್ಟಿಕ್ ಹಾಕಿ ಕೊಟ್ಟರೆ ಅದೂ ಏಕಪಥದ ಯಂತ್ರವೇ, ಇನ್ನೊಂದು ಸ್ಟಿಕ್ ಹಾಕುವವರೆಗೆ. ಆದ್ದರಿಂದ ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆ “ಎಷ್ಟು ಜಿಬಿ” ಎಂಬುದಷ್ಟೇ ಅಲ್ಲ, “ಮದರ್‌ಬೋರ್ಡಿಗೇ ಬೆಸುಗೆ ಹಾಕಿದ್ದಾರೋ, ಖಾಲಿ ಸ್ಲಾಟ್ ಇದೆಯೋ” ಎಂಬುದು. 8 ಜಿಬಿ ಬೆಸೆದು, ಸ್ಲಾಟ್ ಕೊಡದ ಯಂತ್ರದಲ್ಲಿ ಪ್ರೊಸೆಸರ್ ಯಾವುದಿದ್ದರೂ ಎರಡು ವರ್ಷದಲ್ಲಿ ಉಸಿರುಗಟ್ಟುತ್ತದೆ. ವಿಂಡೋಸ್ 11, ಹತ್ತಿಪ್ಪತ್ತು ಟ್ಯಾಬ್‌ಗಳ ಬ್ರೌಸರ್, ಒಂದು ವಿಡಿಯೊ ಕರೆ ಇಷ್ಟಕ್ಕೇ ಆ 8 ಜಿಬಿ ತುಂಬಿ, ಯಂತ್ರ ಎಸ್‌ಎಸ್‌ಡಿಯನ್ನೇ ರ್‍ಯಾಮ್‌ನಂತೆ ಬಳಸಲು ಹೊರಡುತ್ತದೆ.

ಗ್ರಾಫಿಕ್ಸ್ ವಿಷಯ ಬೇಗ ಮುಗಿಯುತ್ತದೆ. 1215ಯುದಲ್ಲಿ 64 ಘಟಕಗಳು 1.10 ಗಿಗಾಹರ್ಟ್ಸ್‌ನಲ್ಲಿ, ಎನ್305ರಲ್ಲಿ 32 ಘಟಕಗಳು 1.25 ಗಿಗಾಹರ್ಟ್ಸ್‌ನಲ್ಲಿ ದುಡಿಯುತ್ತವೆ. ಗುಣಿಸಿ ನೋಡಿದರೆ ಮೊದಲನೆಯದಕ್ಕೆ ಶೇ 75ರಷ್ಟು ಹೆಚ್ಚಿನ ಬಲ. ಹಳೆಯ, ಹಗುರವಾದ ಆಟಗಳಲ್ಲಿ ಇದು ಕಾಣುತ್ತದೆ. ವಿಡಿಯೊ ನೋಡುವವರಿಗೆ ಮಾತ್ರ ವ್ಯತ್ಯಾಸವಿಲ್ಲ, ಏಕೆಂದರೆ ಯೂಟ್ಯೂಬ್ ಬಳಸುವ ಎವಿ1 ಸೇರಿದಂತೆ ಇಂದಿನ ವಿಡಿಯೊ ರೂಪಗಳನ್ನು ಬಿಡಿಸುವ ಪ್ರತ್ಯೇಕ ಯಂತ್ರಾಂಶ ಎರಡರಲ್ಲೂ ಇದೆ. ಆ ಕೆಲಸ ಕೋರ್‌ಗಳ ತಲೆಗೆ ಬರುವುದೇ ಇಲ್ಲ.

ಹಾಗಾದರೆ ಎನ್305 ದಂಡವೇ? ಖಂಡಿತ ಅಲ್ಲ. ಟಿವಿಯ ಹಿಂದೆ ಕೂರುವ ಮಿನಿ ಪಿಸಿ, ಮನೆಯ ಫೋಟೋಗಳನ್ನೆಲ್ಲ ಇಟ್ಟುಕೊಳ್ಳುವ ಪುಟ್ಟ ಸರ್ವರ್, ಇಪ್ಪತ್ನಾಲ್ಕು ಗಂಟೆಯೂ ಉರಿಯುವ ಕ್ಯಾಮೆರಾ ರೆಕಾರ್ಡರ್ ಇಂಥವಕ್ಕೆ ಈ ಕುಟುಂಬವನ್ನು ಮೀರಿಸುವ ಪ್ರೊಸೆಸರ್ ಆ ಬೆಲೆಯಲ್ಲಿ ಸಿಗುವುದು ಕಷ್ಟ. ಇದರ ತಮ್ಮ ಎನ್100 ಕೇವಲ 6 ವಾಟ್ ಮಿತಿಯದಾದ್ದರಿಂದ ಫ್ಯಾನ್ ಇಲ್ಲದ ಪೆಟ್ಟಿಗೆಗಳಲ್ಲಿಯೂ ಕೂರುತ್ತದೆ. ಅಲ್ಲಿ ಪರದೆಯ ಮುಂದೆ ಯಾರೂ ಕಾಯುತ್ತಿರುವುದಿಲ್ಲ. ಕೆಲಸ ತಡವಾದರೂ ಯಾರಿಗೂ ಕಿರಿಕಿರಿಯಿಲ್ಲ, ಕರೆಂಟ್ ಬಿಲ್ಲು ಕಡಿಮೆ ಬಂದರೆ ಸಂತೋಷ. ನನ್ನ ತಕರಾರು ಪ್ರೊಸೆಸರ್ ಬಗ್ಗೆಯಲ್ಲ, ಅದನ್ನು 1215ಯುಗೆ ಸರಿಸಮನೆಂದು ತೋರಿಸುವ ಸ್ಟಿಕ್ಕರ್ ಬಗ್ಗೆ.

ಈ ಚಾಳಿ ಇಂಟೆಲ್‌ನದು ಮಾತ್ರವೂ ಅಲ್ಲ. ಅದೇ ಅಂಗಡಿಯ ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಎಎಂಡಿಯ ರೈಜನ್ 3 7320ಯು ಇತ್ತು. 7000 ಸರಣಿಯೆಂದರೆ ಹೊಸದಿರಬೇಕೆಂದು ಯಾರಿಗಾದರೂ ಅನ್ನಿಸುತ್ತದೆ. 2022ರಲ್ಲಿ ಪ್ರಕಟವಾದ ಆ ಪ್ರೊಸೆಸರ್ ಒಳಗಿರುವ ನಾಲ್ಕು ಕೋರ್‌ಗಳು ಝೆನ್ 2 ಎಂಬ, 2019ರಲ್ಲಿ ಬಂದ ವಿನ್ಯಾಸದವು. ಎಎಂಡಿಯ ಅಂದಿನ ಪದ್ಧತಿಯಲ್ಲಿ ಮೊದಲ ಅಂಕಿ ವರ್ಷವನ್ನು, ಮೂರನೆಯ ಅಂಕಿ ಕೋರಿನ ವಿನ್ಯಾಸವನ್ನು ಸೂಚಿಸುತ್ತಿತ್ತು; ಅಂದರೆ ಸತ್ಯವನ್ನು ಮುಚ್ಚಿಟ್ಟಿರಲಿಲ್ಲ, ಕೀಲಿಕೈ ಇದ್ದವರಿಗೆ ಮಾತ್ರ ತೆರೆಯುವ ಪೆಟ್ಟಿಗೆಯಲ್ಲಿ ಇಟ್ಟಿತ್ತು. ಜೊತೆಗೆ ಅದು ಎಲ್‌ಪಿಡಿಡಿಆರ್5 ರ್‍ಯಾಮನ್ನು ಮಾತ್ರ ಒಪ್ಪುವುದರಿಂದ ಆ ಲ್ಯಾಪ್‌ಟಾಪುಗಳ ರ್‍ಯಾಮ್ ಬೆಸೆದದ್ದೇ, ಆಮೇಲೆ ಹೆಚ್ಚಿಸುವ ಮಾತಿಲ್ಲ.

ಹೊಸ ಹೆಸರುಗಳು ಬಂದ ಮೇಲೆ ಗೊಂದಲ ಕಡಿಮೆಯಾಗಬಹುದೆಂಬ ಆಸೆಯಿತ್ತು. 2023ರಲ್ಲಿ ಇಂಟೆಲ್ ‘ಐ’ ಅಕ್ಷರವನ್ನೇ ಕಿತ್ತುಹಾಕುವುದಾಗಿ ಹೇಳಿತು. 2024ರ ಆರಂಭದಲ್ಲಿ ಬಂದ ಕೋರ್ 3 100ಯು ಮತ್ತೆ ಎರಡು ದೊಡ್ಡ, ನಾಲ್ಕು ಸಣ್ಣ ಕೋರ್‌ಗಳದ್ದು, ದೊಡ್ಡವು 4.7 ಗಿಗಾಹರ್ಟ್ಸ್‌ವರೆಗೆ ಏರುತ್ತವೆ. 2025ರ ಆರಂಭದಲ್ಲಿ ಬಂದ ಕೋರ್ 3 ಎನ್355 ಮತ್ತೆ ಎಂಟು ಸಣ್ಣ ಕೋರ್‌ಗಳದ್ದು, 3.9 ಗಿಗಾಹರ್ಟ್ಸ್. ಇಬ್ಬರಿಗೂ ‘ಕೋರ್ 3’ ಎಂಬ ಒಂದೇ ಉಪನಾಮ. ಆದ್ದರಿಂದ ಅಂಗಡಿಯಲ್ಲಿ ಸ್ಟಿಕ್ಕರ್ ನೋಡುವ ಬದಲು ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಪುಟ ತೆರೆದು ಪೂರ್ತಿ ಹೆಸರನ್ನು ಓದುವುದೊಂದೇ ದಾರಿ: ಅಂಕಿಯ ಮೊದಲಿಗೆ ‘ಎನ್’ ಇದ್ದರೆ ಎಲ್ಲವೂ ಸಣ್ಣ ಕೋರ್‌ಗಳು, ಅಂಕಿಯ ಕೊನೆಗೆ ‘ಯು’ ಇದ್ದರೆ ದೊಡ್ಡ ಕೋರ್‌ಗಳೂ ಇವೆ. ಈ ಸೂತ್ರ ಇಂಟೆಲ್‌ನ ಈ ಎರಡು ಸರಣಿಗಳಿಗಷ್ಟೇ ಅನ್ವಯಿಸುತ್ತದೆ, ಎಎಂಡಿಗೆ ಅಲ್ಲ.

ಆ ದಿನ ಎರಡು ಯಂತ್ರಗಳ ನಡುವೆ ಇದ್ದ ಅಂತರ ಮೂರು ಸಾವಿರ ರೂಪಾಯಿ. ಬಿ.ಕಾಂ. ಹುಡುಗನ ಕೆಲಸವೆಂದರೆ ಬ್ರೌಸರ್, ಎಕ್ಸೆಲ್, ಟ್ಯಾಲಿ. ಮೂರೂ ಒಂದೇ ಥ್ರೆಡ್ಡಿನ ವೇಗಕ್ಕೆ ಮರ್ಯಾದೆ ಕೊಡುವಂಥವು. ಅಂಗಡಿಯ ಹುಡುಗ ಒಲ್ಲದ ಮನಸ್ಸಿನಿಂದ ಬಿಲ್ ಬರೆದ, ನಾವು ಆರು ಕೋರಿನ 1215ಯುವನ್ನೇ ಕೊಂಡು ತಂದೆವು. ಒಳಗೆ 8 ಜಿಬಿಯ ಒಂದು ಸ್ಟಿಕ್, ಪಕ್ಕದಲ್ಲಿ ಒಂದು ಖಾಲಿ ಸ್ಲಾಟ್. ಎರಡನೆಯ ಸ್ಟಿಕ್ಕನ್ನು ನಾನೇ ಕೊಡಿಸುತ್ತೇನೆಂದು ಮಾತು ಕೊಟ್ಟೆ. ಅಷ್ಟರಲ್ಲಿ ಎಐ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದಾಗಿ 2025ರ ಕೊನೆಯ ತಿಂಗಳುಗಳಲ್ಲಿ ರ್‍ಯಾಮ್ ಬೆಲೆ ಜಗತ್ತಿನಾದ್ಯಂತ ಜಿಗಿಯಿತು. ಮೊನ್ನೆ ಮತ್ತೆ ಎಸ್.ಪಿ. ರಸ್ತೆಯಲ್ಲಿ ರೇಟು ಕೇಳಿಕೊಂಡು ಬರಿಗೈಲಿ ವಾಪಸಾದೆ. ದ್ವಿಪಥದ ಗುಣಗಾನ ಮಾಡಿ ಕೊಡಿಸಿದ ಯಂತ್ರ ಸದ್ಯಕ್ಕೆ ಏಕಪಥದಲ್ಲೇ ಓಡುತ್ತಿದೆ, ಸ್ಲಾಟ್ ಇನ್ನೂ ಖಾಲಿಯಿದೆ.